ಫೋಟೋದ ಕೆಳಗಿನ ಒಂದು ಸಾಲು

ಗಣಿತ ವಿಭಾಗ,
ಹದಿನಾಲ್ಕನೇ ತಾರೀಖು, ಮಂಗಳವಾರ

ಮುಂಗುಸಿಯ ಅಮ್ಮನಿಗೆ, ಅವನ ಲೆಕ್ಕದ ಮೇಷ್ಟ್ರ ನಮಸ್ಕಾರ.

ಅಕ್ಕಾ, ಒಂದು ಬೆಂಚಿನಲ್ಲಿ ಐದು ನಿಮಿಷ ಕೂರದವನಿಗೆ ಆ ಹೆಸರಿಟ್ಟವನು ನಾನೇ. ಮನೆಯಲ್ಲೂ ಹಾಗೇ ಕರೆಯುತ್ತಿದ್ದಿರೆಂದು ಮೊನ್ನೆ ನೀವು ಕಾಲೇಜಿಗೆ ಬಂದಾಗ ಗೊತ್ತಾಯಿತು. ಮಾತಿನ ನಡುವೆ ಗಂಟೆ ಹೊಡೆಯಿತೆಂದು ಒಳಗೆ ಹೋದೆನಲ್ಲ, ಗಂಟೆ ಹೊಡೆದಿರಲಿಲ್ಲ.

ಯುದ್ಧದಲ್ಲಿ ಸತ್ತ ನಮ್ಮ ಹನ್ನೊಂದು ಹುಡುಗರ ಫೋಟೋ ಕಾರಿಡಾರಿನಲ್ಲಿ ತೂಗುಹಾಕುತ್ತಿದ್ದೇವೆ. ಬದುಕಿದ್ದರೆ ಏನಾಗುತ್ತಿದ್ದನೆಂದು ಪ್ರತಿಯೊಬ್ಬನ ಕೆಳಗೆ ಒಂದು ಸಾಲು. ಪ್ರಾಸ ಕಟ್ಟುವ ಚಟದವನೆಂದು ಕೆಲಸ ನನ್ನ ತಲೆಗೇ ಬಂತು. ಹತ್ತು ಸಾಲು ಒಂದೇ ಸಂಜೆಗೆ ಮುಗಿದವು. ಹಿಂದಿನ ಬೆಂಚಿನಲ್ಲಿ ನನ್ನ ಬೊಕ್ಕತಲೆ ಗೀಚುತ್ತಿದ್ದವನು ಚಿತ್ರಕಾರನಾದ. ನೆಗಡಿಯಲ್ಲೂ ಹಾಡುತ್ತಿದ್ದವನು ಗಾಯಕನಾದ. ಸತ್ತವರಿಗೆ ನೌಕರಿ ಕೊಡಿಸುವುದು ಸುಲಭ ಅಕ್ಕಾ, ಅರ್ಜಿಯಿಲ್ಲ, ಮರ್ಜಿಯಿಲ್ಲ.

ನಿಮ್ಮ ಮಗನದೊಂದೇ ಖಾಲಿ. ಸೇತುವೆ ಕಟ್ಟುತ್ತಿದ್ದ ಎಂದು ಬರೆದೆ, ಹೊಡೆದುಹಾಕಿದೆ. ವಿಜ್ಞಾನಿ ಎಂದೆ, ಅದನ್ನೂ ಹೊಡೆದೆ. ಪ್ರಾಸ ಕೂರುತ್ತಿತ್ತು, ಮನಸ್ಸು ಕೂರುತ್ತಿರಲಿಲ್ಲ.

"ಬಿಡಿ ಮೇಷ್ಟ್ರೇ, ಲೆಕ್ಕದಲ್ಲೇ ಫೇಲಾದವ್ನು, ಅವನೇನಾಗ್ತಿದ್ದ" ಅಂದಿರಿ ಮೊನ್ನೆ ನೀವು. ಆ ಮಾತಿಗೇ ಈ ಕಾಗದ.

ಕೊನೆಯ ಪರೀಕ್ಷೆಯ ಆರನೇ ಪ್ರಶ್ನೆಗೆ ನಾನು ಕಲಿಸಿದ ದಾರಿಯಲ್ಲಿ ಹೋದರೆ ಎರಡು ಪುಟ ಬೇಕು. ಅವನು ಮೂರು ಸಾಲಿನಲ್ಲಿ ಮುಗಿಸಿದ್ದ. ಕರೆಸಿ, ಹಂತಗಳೆಲ್ಲಿ ಅಂದೆ. "ತಲೇಲಿವೆ ಸಾರ್" ಅಂದ. ಉಡಾಫೆ ಅನ್ನಿಸಿತು. ಕಾಪಿ ಹೊಡೆದಿದ್ದಾನೆಂದು ಆ ಉತ್ತರಕ್ಕೆ ಸೊನ್ನೆ ಹಾಕಿದೆ. ಯಾರದನ್ನು ನೋಡಿ ಹೊಡೆದ ಎಂದು ಆಗ ಕೇಳಿಕೊಳ್ಳಲಿಲ್ಲ. ಇಡೀ ಕ್ಲಾಸಿನಲ್ಲಿ ಆ ಪ್ರಶ್ನೆಯನ್ನು ಬೇರೆ ಯಾರೂ ಮುಟ್ಟಿರಲಿಲ್ಲ. ನಾಲ್ಕು ಅಂಕದಲ್ಲಿ ಫೇಲಾದ. ಪಾಸಾದವರನ್ನು ಓದು ಮುಗಿಯುವ ತನಕ ಕಡ್ಡಾಯ ಸೈನ್ಯಸೇವೆಗೆ ಕರೆಯುತ್ತಿರಲಿಲ್ಲ. ಅವನಿಗೆ ಮುಂದಿನ ವಾರವೇ ಕರೆ ಬಂತು. ಉಳಿದದ್ದು ನಿಮಗೆ ಗೊತ್ತು.

ನೀವು ಹೋದ ಮೇಲೆ ಕಪಾಟಿನಿಂದ ಆ ಉತ್ತರಪತ್ರಿಕೆ ತೆಗೆದೆ. ಮೂರು ಸಾಲನ್ನು ಬೋರ್ಡಿನ ಮೇಲೆ ಬಿಡಿಸುತ್ತ ಹೋದೆ. ಲೆಕ್ಕ ಸರಿಯಿದೆ ಅಕ್ಕಾ. ಆ ದಾರಿ ನನ್ನ ಯಾವ ಪುಸ್ತಕದಲ್ಲೂ ಇಲ್ಲ. ಅವನು ಫೇಲಾಗಿರಲಿಲ್ಲ.

ಫೋಟೋದ ಕೆಳಗೆ ಹೀಗೆ ಬರೆಸುತ್ತಿದ್ದೇನೆ, ಪ್ರಾಸವಿಲ್ಲದೆ: "ಇವನು ಏನಾಗುತ್ತಿದ್ದನೆಂದು ತಿಳಿಯುವಷ್ಟು ಗಣಿತ ಇವನ ಮೇಷ್ಟ್ರಿಗೆ ಬರುತ್ತಿರಲಿಲ್ಲ."

ಉತ್ತರಪತ್ರಿಕೆ ಜೊತೆಗಿಟ್ಟಿದ್ದೇನೆ. ಅದು ನಿಮ್ಮಲ್ಲೇ ಇರಲಿ.

ಇತಿ,
ಲೆಕ್ಕದ ಮೇಷ್ಟ್ರು

ಮರೆತ ಮಾತು: ಮರೆತದ್ದಲ್ಲ. ನೀವು ಹೋದ ಮೇಲೆ ಬಿಡಿಸಿದೆ ಅಂದದ್ದು ಸುಳ್ಳು. ಬಿಡಿಸಿದ್ದು ಅವನನ್ನು ಸೈನ್ಯಕ್ಕೆ ಒಯ್ದ ರೈಲು ಹೊರಡುವ ನಾಲ್ಕು ದಿನ ಮೊದಲು. ಅಂಕ ತಿದ್ದಿಸಲು ಪ್ರಿನ್ಸಿಪಾಲರ ಕೋಣೆಯವರೆಗೂ ಹೋಗಿ, ತಪ್ಪೊಪ್ಪಿಕೊಳ್ಳಲು ನಾಚಿ ಹಿಂದಿರುಗಿದೆ. ಬಾಗಿಲು ತೆರೆದೇ ಇತ್ತು.