ಬಾಗಿಲು ಮುಚ್ಚುವ ಹಬ್ಬ

ವೈಟ್‌ಫೀಲ್ಡ್, ೯-೧೦-೨೦೦೮

ಅವ್ವಾ, ನಿನ್ನ ಕಾಲಿಗೆ ಬಿದ್ದು ಬರೆಯುತ್ತಿದ್ದೇನೆ.

ಊರಲ್ಲಿ ಇಂದು ಬನ್ನಿ ಹಂಚುತ್ತಿರಬೇಕು. ನಾನು ನೋಡಿಕೊಳ್ಳುವ ಸಿಪೋರಾ ಆಜಿ ಕೊಂಕಣದ ಯಹೂದಿ ಮನೆತನದವರು. ಅವರಿಗೆ ಇಂದು ಬಾಗಿಲು ಮುಚ್ಚುವ ಹಬ್ಬ, ಪಾಪ ಕಳೆಯುವ ದಿನ. ನಿನ್ನೆ ಸಂಜೆಯಿಂದ ಹನಿ ನೀರೂ ಮುಟ್ಟಿಲ್ಲ. ಬಿಳಿ ಸೀರೆಯುಟ್ಟು, ವರ್ಷದ ತಪ್ಪುಗಳನ್ನೆಲ್ಲ ದೇವರಿಗೆ ಹೇಳುತ್ತ ಎದೆ ತಟ್ಟಿಕೊಳ್ಳುತ್ತಾರೆ. "ಸಂಜೀತನಕ ಹೊರಗಿನವ್ರು ನನ್ನ ಮುಟ್ಟಬಾರದು, ನೀನೂ ಮುಟ್ಟಬ್ಯಾಡ," ಎಂದು ಮರಾಠಿಯಲ್ಲಿ ಹೇಳಿದ್ದರು. ಅವರ ಮಗ ಪ್ರಾರ್ಥನೆಗೆಂದು ಪೇಟೆಗೆ ಹೋಗಿದ್ದಾರೆ, ಇಂದು ಫೋನ್ ಎತ್ತುವುದಿಲ್ಲ.

ಆಜಿಗೆ ಸಕ್ಕರೆ ಕಾಯಿಲೆ. ಮಧ್ಯಾಹ್ನ ನಿಂತು ಪ್ರಾರ್ಥಿಸುವಾಗ, ಉಪವಾಸಕ್ಕೆ ಸಕ್ಕರೆ ತೀರ ಇಳಿದು, ಮೈಯೆಲ್ಲ ಬೆವರಿ ವಾಲಿದರು. ನಾನು ಹಿಂದುಮುಂದು ನೋಡದೆ ಹಿಡಿದುಕೊಂಡೆ. "ಆಜಿ, ಆಮ್ಯಾಲೆ ಬೈರಿ, ಮೊದಲ ಇದನ್ನ ಕುಡೀರಿ," ಎಂದು ಸಕ್ಕರೆ ನೀರು ಕುಡಿಸಿದೆ. ಕುಡಿದು ಅತ್ತರು. ಬಹಳ ಹೊತ್ತು ನನ್ನ ಕಡೆ ನೋಡಲೇ ಇಲ್ಲ. ಅವರ ವ್ರತ ಕೆಡಿಸಿದೆನಲ್ಲ, ಕೆಲಸವೂ ಹೋದೀತು ಎಂದು ಹೆದರಿ ನಿನಗೆ ಬರೆಯಲು ಕೂತೆ.

ನಾನು ಆರಾಮ. ನೀನು ಬಿಪಿ ಗುಳಿಗೆ ತಪ್ಪಿಸಬೇಡ.

ಈಗಷ್ಟೇ ಆಜಿ ಕರೆದು, "ನಿಮ್ಮವ್ವನ ಹೆಸರೇನು?" ಎಂದರು.

"ಲಗಮವ್ವ, ಆಜಿ."

ಪುಸ್ತಕ ಹಿಡಿದು ಮತ್ತೆ ನಿಂತರು. ನನಗೆ ತಿಳಿಯದ ಆ ಮಾತುಗಳ ನಡುವೆ ನನ್ನ ಹೆಸರಿನ ಜೊತೆಗೇ ನಿನ್ನ ಹೆಸರು ಕೇಳಿಸಿತು.

ಲಿಫ್ಟ್ ಸದ್ದಾಯಿತು, ಅವರ ಮಗ ಬಂದರೇನೋ.

ನಿನ್ನ ಕಸ್ತೂರಿ