ಟೈರಿನ ಮೇಲೆ ಅತ್ತೆಯ ಅಂಗೈ

ಅಲೆಕ್ಸಾಂಡ್ರಿಯಾ, ಮಾರ್ಚ್ ೧೪, ಗುರುವಾರ

ಸದ್ಯ, ಬಣ್ಣ ಉಳಿಯಿತು!

ಗುಜರಿಯಿಂದ ಕೊಂಡು ತಂದ ಹಳೆಯ ಮರ್ಸಿಡಿಸ್‌ಗೆ ಎರಡು ವರ್ಷ ಜೀವ ತೇದಿದ್ದೇನೆ. ಹಾಲುಬಣ್ಣ ಹೊಡೆಸಿ ಇನ್ನೂ ವಾರವಾಗಿಲ್ಲ. ಇವತ್ತು ಅದು ಮೊದಲ ಸಲ ತಾನೇ ಓಡಿ ಮನೆ ಸೇರಿತು. ಬಾಗಿಲಲ್ಲಿ ಸೋದರತ್ತೆ ಇನ್ಸಾಫ್ ಕುರಿ ಕೊಯ್ಯಿಸಿ, ಅಂಗೈಯನ್ನು ರಕ್ತದಲ್ಲಿ ಅದ್ದಿಕೊಂಡು ಕಾಯುತ್ತಿದ್ದಳು. ದೃಷ್ಟಿ ತಾಗಬಾರದೆಂದರೆ ಗಾಡಿಯ ಮೇಲೆ ರಕ್ತದ ಅಂಗೈ ಅಚ್ಚೊತ್ತಲೇಬೇಕಲ್ಲ, ಇಲ್ಲಿಯ ರೂಢಿ.

“ಅತ್ತೆ, ಬಾನೆಟ್ ಮುಟ್ಬೇಡ, ನಿನ್ನ ದಮ್ಮಯ್ಯ!” ಎಂದು ಚೀರಿದೆ.

“ಸುಮ್ನಿರೋ, ಮದುವೆ ದಿನಾನೂ ಇಷ್ಟು ಬೆವರಿರ್ಲಿಲ್ಲ ನೀನು,” ಎನ್ನುತ್ತ ಬಗ್ಗಿ ಟೈರಿಗೆ ಒತ್ತಿದಳು.

ಬಾನೆಟ್ಟು ಹೊಳೆಯುತ್ತಲೇ ಇದೆ. ನಿಶ್ಚಿಂತೆಯಿಂದ ಮಲಗಬಹುದು. ಆದರೆ ಟೈರು ಸವೆದರೆ ಆ ಅಚ್ಚೂ ಅಳಿಯುತ್ತದೆ, ಅತ್ತೆಗೂ ಎಂಬತ್ತು ದಾಟಿತು. ಬೆಳಗ್ಗೆ ಗೋರಂಟಿ ಕಲಸಿ, ಬಾನೆಟ್ಟಿನ ಒಳಮೈಗೆ ಅವಳ ಅಂಗೈ ಒತ್ತಿಸಿಕೊಳ್ಳಬೇಕು...