ಗುಂಡ ಮುಂದಿಟ್ಟ ಕಾಲು

ಕುಣಿಗಲ್
12-12-2025, ಶುಕ್ರವಾರ

ಪ್ರೀತಿಯ ಮೊಮ್ಮಗಳು ಯಶಸ್ವಿನಿಗೆ,

ಹೇಗಿದ್ದೀಯ ಯಶು? ಹೊಟ್ಟೆ ತುಂಬ ಊಟ ಮಾಡ್ತಿದ್ದೀಯಾ, ಇಲ್ಲ ತೂಕ ಇಳಿಸಬೇಕು ಅಂತ ಮತ್ತೆ ಬರೀ ಸೌತೆಕಾಯಿಯಲ್ಲೇ ದಿನ ತಳ್ತಿದ್ದೀಯಾ? ಹೋದ ಸಲ ನೀನು ಬಂದುಹೋದ ಮೇಲೆ ನಿಮ್ಮಜ್ಜಿ ನಿನ್ನ ಮಣಿಕಟ್ಟು ನೆನೆಸಿಕೊಂಡು ಅತ್ತಳು, ನಿನಗೆ ಹೇಳಿರಲಿಲ್ಲ. ನಾವು ಚೆನ್ನಾಗಿದ್ದೇವೆ. ನನ್ನ ಸೊಂಟ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತೆ, ಅಷ್ಟು ಬಿಟ್ಟರೆ ಏನಿಲ್ಲ. ನಿಮ್ಮಪ್ಪ ರಂಗರಾಜು ಬುಧವಾರ ವಸಂತನರಸಾಪುರದಿಂದ ಬಂದು ಒಂದು ದಿನ ಇದ್ದು ಹೋದ. ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಡಂಗುರ ಹೊಡೆದಿದ್ದಾನಂತೆ, ಭಾನುವಾರ ನನ್ನ ಮಗಳು ದೊಡ್ಡ ರೇಸಿನಲ್ಲಿ ಓಡಿಸ್ತಾಳೆ, ಅದೂ ನಮ್ಮಪ್ಪ ಕೈಯಾರೆ ಸಾಕಿದ ಕುದುರೆಯನ್ನ ಅಂತ.

ಫೋನ್ ಮಾಡಬಾರದು ಅಂತ ಕಟ್ಟಪ್ಪಣೆ ಹಾಕಿದವಳು ನೀನೇ. ಹೋದ ತಿಂಗಳು ರೇಸಿನ ಹಿಂದಿನ ದಿನ, ಕುದುರೆ ಬೆವರ್ತಿದೆಯಾ, ಮೇವು ಬಿಟ್ಟಿದೆಯಾ ಅಂತ ನಾನು ನಾಲ್ಕು ಸಲ ಕೇಳಿದೆ. ಮಾರನೇ ದಿನ ನೀನು ಕೊನೆಯಲ್ಲಿ ಬಂದೆ. "ತಾತ, ನಿನ್ ದನೀಲಿರೋ ಭಯ ನನ್ ಕೈಗಿಳ್ದು ಲಗಾಮಿಗೆ ಹೋಯ್ತದೆ, ಇನ್ಮೇಲೆ ರೇಸ್ ವಾರ ಮಾತಾಡ್ಬೇಡ" ಅಂತ ಗದರಿದೆ. ಒಪ್ಪಿಕೊಂಡೆ. ನಿನ್ನೆಯಿಂದ ನಿನ್ನ ಫೋನೂ ಬಂದ್. ಅದಕ್ಕೇ ಈ ಕಾಗದ. ನಿಮ್ಮ ಲಾಯಕ್ಕೆ ಮೇವಿನ ಕುದುರೆ ಮಸಾಲೆ ಸೊಪ್ಪು ಸಾಗಿಸುವ ಓಬಳಯ್ಯ ಸಂಜೆ ನಾಲ್ಕಕ್ಕೆ ಗಾಡಿ ಹೊರಡಿಸ್ತಾನೆ. ನಿನ್ನ ಕೈಗೇ ಕೊಡಬೇಕು ಅಂತ ಆಣೆ ಹಾಕಿಸಿಕೊಂಡಿದ್ದೇನೆ.

ಬರೀ ಆಶೀರ್ವಾದ ಬರೆಯೋಣ ಅಂತ ಕೂತೆ. ಆಗ್ತಾ ಇಲ್ಲ. ನನಗೆ ಭಯ ಆಗ್ತಿದೆ ಕಂದ. ನೀನು ಬುಧವಾರ ಕಳಿಸಿದ ವಿಡಿಯೋವನ್ನು ನಿಮ್ಮಪ್ಪನ ಫೋನಿನಲ್ಲಿ ಹತ್ತು ಸಲ ನೋಡಿದೆ. ನಲವತ್ತು ವರ್ಷ ಲಾಯದಲ್ಲಿ ಸೈಸ್ ಆಗಿ ಕುದುರೆಗಳಿಗೆ ಮೇವು ಹಾಕಿ ಮೈ ಉಜ್ಜಿದವನು, ನೋಡಬೇಕಾದ್ದನ್ನೆಲ್ಲ ನೋಡಿದೆ. ಗುಂಡನ ಮೈ ಎಣ್ಣೆ ಹಚ್ಚಿದ ಹಾಗಿದೆ. (ಅವನಿಗೆ ನೀವಿಟ್ಟ ಇಂಗ್ಲಿಷ್ ಹೆಸರು ನನ್ನ ಬಾಯಲ್ಲಿ ಹೊರಳಲ್ಲ, ನನಗೆ ಗುಂಡನೇ.) ಹೊಟ್ಟೆ ಜೋತಿಲ್ಲ, ಬಿಗಿಯಾಗಿದೆ, ಪಕ್ಕೆ ಮೇಲೆ ಎಷ್ಟು ಬೇಕೋ ಅಷ್ಟೇ ಮಾಂಸ. ತೊಡೆ ಸಂದಿಯಲ್ಲಿ ಬೆವರಿನ ನೊರೆ ಇಲ್ಲ, ಕಣ್ಣು ಬೆದರಿಲ್ಲ, ಕಿವಿ ಎರಡೂ ನಿನ್ನ ಕಡೆಗೇ. ಬಾನಿಯಲ್ಲಿ ಒಂದು ಕಾಳು ಉಳಿಸಿಲ್ಲ. ಇದಕ್ಕಿಂತ ಚೆನ್ನಾಗಿ ಯಾವ ಕುದುರೆಯೂ ರೇಸಿಗೆ ತಯಾರಾಗಲ್ಲ. ಆಮೇಲೆ ಅವನು ಬಿಳಿ ಪಾದದ ಆ ಮುಂಗಾಲನ್ನು ಒಂದು ಗೇಣು ಮುಂದಿಟ್ಟು ನಿಂತ. ನೀನು ನಕ್ಕೆ: "ನೋಡು ತಾತ, ನಿನ್ ಗುಂಡ ಇನ್ನೂ ಬೆಲ್ಲ ಕೇಳ್ತಾನೆ!" ನಿನ್ನ ಹಿಂದೆ ಇನ್ನೂ ಯಾರೋ ಇಬ್ಬರು ನಕ್ಕರು.

ಆ ಆಟ ಕಲಿಸಿದವನು ನಾನು. ಮರಿಯಾಗಿದ್ದಾಗ ಗುಂಡ ಯಾರು ಹತ್ತಿರ ಹೋದರೂ ಒದೆಯುತ್ತಿದ್ದ. ನಾನು ಕೆಲಸಕ್ಕಿದ್ದ ಇಲ್ಲಿನ ಕುದುರೆ ಫಾರಂನಲ್ಲಿ ಸಿಹಿ ತಿನ್ನಿಸುವ ಹಾಗಿರಲಿಲ್ಲ. ನಾನು ಕದ್ದುಮುಚ್ಚಿ ಸೊಂಟದಲ್ಲಿ ಬೆಲ್ಲ ಸಿಕ್ಕಿಸಿಕೊಂಡು ಹೋಗಿ, ಕಾಲು ಮುಂದೆ ಕೊಟ್ಟರೆ ಒಂದು ಚೂರು ಅಂತ ಅಭ್ಯಾಸ ಮಾಡಿಸಿದೆ. ಹದಿನೈದು ದಿನದಲ್ಲಿ ನನ್ನನ್ನು ಕಂಡರೆ ತಾನೇ ಕಾಲು ಮುಂದಿಡುವುದಕ್ಕೆ ಶುರುಮಾಡಿದ. ಆಗ ಗೊತ್ತಿದ್ದವಳು ನಿಮ್ಮಜ್ಜಿ ಒಬ್ಬಳೇ, ಬೆಲ್ಲ ಅವಳ ಡಬ್ಬಿಯದು; ಕಾಲು ಮುಂದಿಟ್ಟು ಬೆಲ್ಲ ಕೇಳ್ತಾನೆ ಅಂತಷ್ಟೇ ನಿನಗೆ ಆಮೇಲೆ ಹೇಳಿದ್ದು. ಆಗ ನನ್ನಂಥ ಬುದ್ಧಿವಂತ ಇಲ್ಲ ಅಂತ ಬೀಗಿದ್ದೆ.

ಕುದುರೆ ಹಿಂಗಾಲು ಸಡಿಲಿಸಿ ನಿಂತರೆ ದಣಿವಾರಿಸಿಕೊಳ್ತಿದೆ ಅಂತ ಅರ್ಥ. ಮುಂಗಾಲು ಮುಂದಿಟ್ಟು ನಿಂತರೆ ನೋವು, ಆ ಕಾಲಿನ ಮೇಲೆ ಭಾರ ಹಾಕಲಾರದೆ ನಿಂತಿದೆ. ಇದು ನಿನಗೂ ಗೊತ್ತು, ನಿಮ್ಮ ಲಾಯದವರಿಗೂ ಗೊತ್ತು. ಬೇರೆ ಕುದುರೆ ಹಾಗೆ ನಿಂತಿದ್ದರೆ ಓಡಿಬಂದು ಕಾಲು ಮುಟ್ಟಿ ನೋಡುತ್ತಿದ್ದಿರಿ. ಗುಂಡ ನಿಂತರೆ ನಗುತ್ತೀರಿ. ನೋವು ಹೇಳಿಕೊಳ್ಳೋಕೆ ಅವನಿಗಿದ್ದ ದಾರಿಯನ್ನು ನಾನೇ ಬೆಲ್ಲ ಕೊಟ್ಟು ಮುಚ್ಚಿಬಿಟ್ಟೆನೇನೋ ಅಂತ ಎರಡು ದಿನದಿಂದ ಅನ್ನ ಸೇರ್ತಿಲ್ಲ. ಡಾಕ್ಟರು ನಡೆಸಿ ನೋಡಿರ್ತಾರೆ, ಕುಂಟ್ತಿಲ್ಲ ಅಂದಿರ್ತಾರೆ. ಆದರೆ ನಾಲ್ಕು ಹೆಜ್ಜೆ ಹಾಕಿ ಬಿಸಿಯಾದ ಕಾಲಿನಲ್ಲಿ ನೋವು ಕಾಣಲ್ಲ. ಅದರ ಮೇಲೆ ಗುಂಡ ಹಠಮಾರಿ, ನಿನ್ನ ಹಾಗೇ.

ಗುಬ್ಬಿ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟಿರೋ ಗಂಗರಾಜು ನೆನಪಿದ್ದಾನಾ? ಚಿಕ್ಕವಳಿದ್ದಾಗ ನಿನಗೆ ಚಾಕಲೇಟ್ ಕೊಡ್ತಿದ್ದ. ಅವನೂ ನಿನ್ನ ಹಾಗೆ ಜಾಕಿಯಾಗಿದ್ದ. ಅವನ ಒಂದು ರೇಸಿಗೆ ಕುದುರೆ ಜೊತೆ ನಾನೂ ಬೆಂಗಳೂರಿಗೆ ಹೋಗಿದ್ದೆ. ಅವನು ಹತ್ತಬೇಕಿದ್ದ ಕುದುರೆ ಹಿಂದಿನ ಸಂಜೆ ಹೀಗೇ ಮುಂಗಾಲು ಮುಂದಿಟ್ಟು ನಿಂತಿದ್ದನ್ನು ನೋಡಿದ್ದೆ. ಸೈಸ್ ಮಾತು ಯಾರು ಕೇಳ್ತಾರೆ ಅಂತ ಬಾಯಿ ಮುಚ್ಚಿಕೊಂಡೆ. ಕೊನೇ ತಿರುವಿನಲ್ಲಿ ಆ ಕಾಲು ಮುರಿಯಿತು. ಈಗ ಗುಬ್ಬಿಗೆ ಹೋದಾಗಲೆಲ್ಲ ಅವನು ಗಾಲಿ ಕುರ್ಚಿಯಿಂದಲೇ "ಬಾ ಅಂಜಿನಪ್ಪಣ್ಣ, ಟೀ ಕುಡಿ" ಅಂತಾನೆ. ನಾನು ಕಂಡಿದ್ದೆ ಅಂತ ಅವನಿಗೆ ಇವತ್ತಿಗೂ ಹೇಳಿಲ್ಲ.

ಇರಲಿ. ಗುಂಡ ನಿಜವಾಗಿ ಬೆಲ್ಲವನ್ನೇ ಕೇಳಿರಬಹುದು. "ಸುಮ್ಕಿರಪ್ಪ, ನಿಂಗೆ ಹಗ್ಗ ಎಲ್ಲಾ ಹಾವೇ, ಮಗೂನ ಹೆದರಿಸ್ಬ್ಯಾಡ" ಅಂತ ನಿಮ್ಮಪ್ಪ ಬೈದು ಹೋದ. ಅವನು ಹೇಳೋದೂ ಸರಿಯೇ ಇರಬಹುದು. ನನ್ನ ಸಮಾಧಾನಕ್ಕೆ ಒಂದು ಕೆಲಸ ಮಾಡು. ನಾಳೆ ಬೆಳಿಗ್ಗೆ ಅವನನ್ನು ಹೊರಗೆ ಬಿಡುವ ಮುಂಚೆ ಎರಡೂ ಮುಂಗಾಲಿಗೆ ಮಂಡಿಯಿಂದ ಕೆಳಗೆ ಅಂಗೈ ಇಟ್ಟು ನೋಡು, ಒಂದಕ್ಕಿಂತ ಒಂದು ಬಿಸಿ ಇದೆಯಾ ಅಂತ. ಗೆಲ್ಲು, ಸೋಲು, ಕೊನೆಯವಳಾಗಿಯೇ ಬಾ, ನೀನು ನಿನ್ನ ಕಾಲ ಮೇಲೆ ನಡೆದು ಮನೆಗೆ ಬಂದರೆ ನನಗೆ ಸಾಕು. ಅಜ್ಜಿ ಮುತ್ತು ಕಳಿಸಿದ್ದಾಳೆ. ನಾವು ನಂಬಿದ ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ತಾತ,
ಅಂಜಿನಪ್ಪ

ಮರೆತಿದ್ದು: ಓಬಳಯ್ಯ ಹಾರನ್ ಹೊಡೀತಿದ್ದಾನೆ. ಕಾಗದ ಮಡಿಸುವ ಮುಂಚೆ ನಿಮ್ಮಜ್ಜಿಗೆ ಓದಿ ಹೇಳಿದೆ. ಸೊಪ್ಪು ಬಿಡಿಸ್ತಿದ್ದವಳು ಕೈ ನಿಲ್ಲಿಸಿ, "ಬಿಳೀ ಪಾದ ಗುಂಡಂದು ಎಡಗಾಲಲ್ವಾ? ಎಡಗಾಲು ಕೊಟ್ರೆ ನೀವು ಬೆಲ್ಲಾನೇ ಕೊಡ್ತಿರ್ಲಿಲ್ವಲ್ಲ, ಎಡಗೈ ಒಡ್ಡಬಾರ್ದು ಕಣ್ಲಾ ಅಂತ ಬೈತಿದ್ರಿ" ಅಂದಳು. ನಿಜ ಯಶು. ಹೆದರಿಕೆಯಲ್ಲಿ ನನಗೆ ಹೊಳೆಯಲೇ ಇಲ್ಲ. ಅವನು ಬೆಲ್ಲ ಕೇಳೋದು ಬಲಗಾಲಲ್ಲಿ, ಬಲಗಾಲಲ್ಲಿ ಮಾತ್ರ. ಹತ್ತಬೇಡ ಕಂದ. ಕಾಲು ತಣ್ಣಗಿದ್ದರೂ ಹತ್ತಬೇಡ. ಈ ಕಾಗದವನ್ನು ಟ್ರೈನರ್‌ಗೆ, ಡಾಕ್ಟರಿಗೆ ಎಲ್ಲರ ಮುಂದೆ ಓದು, ಗಂಗರಾಜು ವಿಷಯ ಸಹಿತ ಓದು. ಗುಂಡ ಬೆಲ್ಲ ಕೇಳ್ತಿಲ್ಲ.